ತೈಲ ಇಳಿದರೂ ಕಾರ್ಖಾನೆ ಬಂದ್: ಇದೇನು ಲೆಕ್ಕ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಮೂರು ಎಕರೆ ಅಡಿಕೆ ತೋಟ. ಮಗ ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಯುರೋಪಿನಲ್ಲಿ ದೊಡ್ಡ ದೊಡ್ಡ ಕೆಮಿಕಲ್ ಕಾರ್ಖಾನೆಗಳು ಮುಚ್ಚುತ್ತಿವೆ ಅಂತ ಪೇಪರಿನಲ್ಲಿ ಓದಿದೆ. ಗ್ಯಾಸ್ ದುಬಾರಿ ಅಂತ ಒಬ್ಬರು ಹೇಳುತ್ತಾರೆ, ಜಗತ್ತಿನಲ್ಲಿ ಬೇಡಿಕೆಯೇ ಇಲ್ಲ ಅಂತ ಇನ್ನೊಬ್ಬರು. ಆದರೆ 2022ರಲ್ಲಿ ಏರಿದ್ದ ತೈಲದ ದರ ಆಮೇಲೆ ಇಳಿಯಿತಲ್ವಾ? ಆಗಲೂ ಯಾಕೆ ಮುಚ್ಚಿದರು? ಇದರಿಂದ ನಮ್ಮ ತೋಟದ ಖರ್ಚಿಗೆ ಏನಾದರೂ ಆಗುತ್ತದಾ? ಮಗ ಈ ಕ್ಷೇತ್ರದಲ್ಲೇ ಮುಂದುವರಿಯಬಹುದಾ?

ಉತ್ತರ: ನಾನು ಕೆಲಸ ಮಾಡಿದ್ದು ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ಕಾರ್ಖಾನೆಗಳಲ್ಲಿ. ಈಗ ಕುಮಟಾದಲ್ಲಿ ಆರಾಮಾಗಿ ಕೂತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೀರಿ, ಆದರೆ ಮೂರೂ ಒಂದೇ ಹಗ್ಗದ ಗಂಟು.

ನೀವು ಆಲೆಮನೆ ನೋಡಿರುತ್ತೀರಿ. ಕಬ್ಬಿನ ಹಾಲು ಕೊಪ್ಪರಿಗೆಗೆ ಹೋಗುತ್ತದೆ, ಹಿಂಡಿ ಉಳಿದ ಸಿಪ್ಪೆ ಅದೇ ಕೊಪ್ಪರಿಗೆಯ ಅಡಿಗೆ ಉರಿಯಾಗಿ ಹೋಗುತ್ತದೆ. ಬೆಲ್ಲವೂ ಕಬ್ಬಿನಿಂದ, ಬೆಂಕಿಯೂ ಕಬ್ಬಿನಿಂದ. ಕೆಮಿಕಲ್ ಉದ್ಯಮವೂ ಹೀಗೇ. ತೈಲ, ಗ್ಯಾಸ್, ಕಲ್ಲಿದ್ದಲು ಅಲ್ಲಿ ಒಲೆಗೂ ಹೋಗುತ್ತವೆ, ಕೊಪ್ಪರಿಗೆಗೂ ಹೋಗುತ್ತವೆ. ಈ ಉದ್ಯಮ ಕೊಳ್ಳುವ ಇಂಧನದಲ್ಲಿ ಸುಮಾರು ಅರ್ಧ ಉರಿಯುವುದೇ ಇಲ್ಲ. ಅದು ನಿಮ್ಮ ತೋಟದ ಪೈಪಾಗಿ, ತದಡಿಯ ಮೀನುಗಾರರ ನೈಲಾನ್ ಬಲೆಯಾಗಿ, ಅಡಿಕೆ ಗೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಯಾಗಿ ಕೂತುಬಿಡುತ್ತದೆ. ಜಗತ್ತಿನ ತೈಲದ ಬೇಡಿಕೆಯಲ್ಲಿ ಸುಮಾರು 14%, ಗ್ಯಾಸ್ ಬೇಡಿಕೆಯಲ್ಲಿ ಸುಮಾರು 8% ಪೆಟ್ರೋಕೆಮಿಕಲ್‌ಗೆ ಹೋಗುತ್ತದೆ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಲೆಕ್ಕ ಕೊಟ್ಟಿತ್ತು. ಹಾಗಾಗಿ ಇಂಧನ ಏರಿದರೆ ಬೇರೆ ಉದ್ಯಮಕ್ಕೆ ಒಂದು ಪೆಟ್ಟು, ಇದಕ್ಕೆ ಎರಡು ಪೆಟ್ಟು.

ಆದರೆ ಇಂಧನ ಎಲ್ಲರಿಗೂ ಒಂದೇ ಸಮ ಏರಿದರೆ ಯಾರೂ ಮುಳುಗುವುದಿಲ್ಲ. ಎಲ್ಲರೂ ದರ ಏರಿಸುತ್ತಾರೆ, ಕೊಳ್ಳುವವ ಗೊಣಗುತ್ತಾ ಕೊಡುತ್ತಾನೆ. ಮುಳುಗಿಸುವುದು ಅಂತರ. ನನಗೆ ಸಿಗುವ ಗ್ಯಾಸಿಗೂ ನನ್ನ ಎದುರಾಳಿಗೆ ಸಿಗುವ ಗ್ಯಾಸಿಗೂ ಎಷ್ಟು ವ್ಯತ್ಯಾಸ? ಕೊಂಡ ಕಚ್ಚಾ ಮಾಲಿಗೂ ಮಾರಿದ ಮಾಲಿಗೂ ಎಷ್ಟು ವ್ಯತ್ಯಾಸ? ಪೇಪರಿನವರು ಬರೆಯುವುದು ದರದ ಬಗ್ಗೆ. ಕಾರ್ಖಾನೆ ಬದುಕುವುದು ಈ ಎರಡು ಅಂತರಗಳ ಮೇಲೆ.

ಅಮೋನಿಯಾ ತೆಗೆದುಕೊಳ್ಳಿ. ಅದಿಲ್ಲದೆ ಯೂರಿಯಾ ಇಲ್ಲ. ಒಂದು ಟನ್ ಅಮೋನಿಯಾಕ್ಕೆ ಸುಮಾರು 35 ಎಂಎಂಬಿಟಿಯು ಗ್ಯಾಸ್ ಬೇಕು. (ಗ್ಯಾಸ್ ವ್ಯಾಪಾರದ ಅಳತೆ ಅದು, ಹೆಸರು ಮರೆತರೂ ತೊಂದರೆಯಿಲ್ಲ.) ಅಮೆರಿಕದಲ್ಲಿ ಒಂದು ಎಂಎಂಬಿಟಿಯು ಗ್ಯಾಸ್ 3 ಡಾಲರಿಗೆ ಸಿಕ್ಕರೆ ಒಂದು ಟನ್ನಿಗೆ ಗ್ಯಾಸಿನ ಖರ್ಚು 105 ಡಾಲರ್. ಯುರೋಪಿನಲ್ಲಿ 11 ಡಾಲರ್ ಆದರೆ 385. ಅದೇ 30 ಡಾಲರಿಗೆ ಹೋದರೆ 1,050. ಅಮೋನಿಯಾ ಮಾತ್ರ ಮೂರೂ ಕಡೆ ಒಂದೇ ಅಮೋನಿಯಾ. ಹಡಗಿನಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಈಗ ಯಾರ ಕಾರ್ಖಾನೆ ಮುಚ್ಚುತ್ತದೆ ಅಂತ ನೀವೇ ಹೇಳಬಹುದು.

ಆದದ್ದೂ ಅದೇ. 2021ರ ಸೆಪ್ಟೆಂಬರಿನಲ್ಲಿ, ಅಂದರೆ ಉಕ್ರೇನ್ ಯುದ್ಧಕ್ಕೂ ಮೊದಲೇ, ಗ್ಯಾಸ್ ದರ ತಾಳಲಾರದೆ ಸಿಎಫ್ ಇಂಡಸ್ಟ್ರೀಸ್ ಎಂಬ ಕಂಪನಿ ಬ್ರಿಟನ್ನಿನ ಎರಡು ಗೊಬ್ಬರ ಕಾರ್ಖಾನೆಗಳನ್ನು ನಿಲ್ಲಿಸಿತು. ತಮಾಷೆ ಏನೆಂದರೆ ಮೊದಲು ಕಂಗಾಲಾದವರು ರೈತರಲ್ಲ. ಸೋಡಾ, ಬಿಯರ್ ಮಾಡುವವರು ಮತ್ತು ಮಾಂಸದ ವ್ಯಾಪಾರಿಗಳು! ಅಮೋನಿಯಾ ಮಾಡುವಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡನ್ನೇ ಅವರೆಲ್ಲ ಬಳಸುತ್ತಿದ್ದರು. ಕೆಮಿಕಲ್ ಉದ್ಯಮದಲ್ಲಿ ಒಂದು ನಲ್ಲಿ ತಿರುಗಿಸಿದರೆ ಎಲ್ಲೋ ಇನ್ನೊಂದು ಬಾವಿ ಬತ್ತುತ್ತದೆ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

2022ರಲ್ಲಿ ರಷ್ಯಾದಿಂದ ಬರುವ ಪೈಪಿನ ಗ್ಯಾಸ್ ಕಡಿಮೆಯಾಯಿತು. ಯುರೋಪಿನ ಗ್ಯಾಸ್ ದರ ಒಂದು ಮೆಗಾವ್ಯಾಟ್ ಗಂಟೆಗೆ 20 ಯೂರೋ ಆಸುಪಾಸಿನಲ್ಲಿ ಇರುತ್ತಿದ್ದದ್ದು ಆ ಆಗಸ್ಟಿನಲ್ಲಿ 300 ದಾಟಿತು. ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಬಿಎಎಸ್‌ಎಫ್ ಕಂಪನಿಯ ದೊಡ್ಡ ಊರಿನಂಥ ಕಾರ್ಖಾನೆಯಿದೆ. ಇಡೀ ದೇಶದ ಗ್ಯಾಸಿನಲ್ಲಿ ಸುಮಾರು 4% ಅದೊಂದೇ ನುಂಗುತ್ತಿತ್ತು. ಜಗತ್ತಿನ ಮೊದಲ ದೊಡ್ಡ ಅಮೋನಿಯಾ ಕಾರ್ಖಾನೆ 1913ರಲ್ಲಿ ಶುರುವಾದದ್ದೂ ಅದರ ಪಕ್ಕದ ಓಪೌದಲ್ಲೇ. ಅಂಥ ಜಾಗದಲ್ಲಿ 2023ರ ಫೆಬ್ರವರಿಯಲ್ಲಿ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುತ್ತೇವೆ ಎಂದರು. ಅಜ್ಜನ ಕಾಲದ ಮನೆಯ ಹೆಬ್ಬಾಗಿಲನ್ನೇ ಕಿತ್ತ ಹಾಗಾಯಿತು. ಅದೇ ಕಂಪನಿ ಚೀನಾದ ಜಾಂಜಿಯಾಂಗ್‌ನಲ್ಲಿ ಮಾತ್ರ ಸುಮಾರು 870 ಕೋಟಿ ಯೂರೋ ಹಾಕಿ ಹೊಸ ಕಾರ್ಖಾನೆ ಕಟ್ಟಿದೆ.

ಇನ್ನು ತೈಲ ಇಳಿದದ್ದರ ಕಥೆ. ತೈಲ ಇಳಿಯಿತು ಎನ್ನುವುದು ಅರ್ಧ ಸುದ್ದಿ ಮಾತ್ರ. ಯಾಕೆ ಇಳಿಯಿತು ಅಂತ ಕೇಳಬೇಕು.

ಯುರೋಪ್, ಜಪಾನ್, ಕೊರಿಯಾದ ಕಾರ್ಖಾನೆಗಳು ಹೆಚ್ಚಾಗಿ ನಾಫ್ತಾದಿಂದ ಎಥಿಲೀನ್ (ಪ್ಲಾಸ್ಟಿಕ್‌ಗೆ ಮೂಲವಾದ ಅನಿಲ) ಮಾಡುತ್ತವೆ. ನಾಫ್ತಾ ಕಚ್ಚಾ ತೈಲದ ಮಗಳು, ತಾಯಿ ಹೋದಲ್ಲಿ ಹೋಗುತ್ತಾಳೆ. ಅಮೆರಿಕ ಮತ್ತು ಕೊಲ್ಲಿ ದೇಶಗಳು ಗ್ಯಾಸಿನ ಜೊತೆ ಸಿಗುವ ಈಥೇನಿನಿಂದ ಮಾಡುತ್ತವೆ. ತೈಲ ದುಬಾರಿಯಾದಾಗ ಈಥೇನಿನವರು ನಗುತ್ತಾರೆ. 2014ರ ಮಧ್ಯದಲ್ಲಿ 100 ಡಾಲರಿನ ಮೇಲಿದ್ದ ತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಆಗ ಅಂತರ ಕುಗ್ಗಿತು, ನಾಫ್ತಾದವರೂ ಚೆನ್ನಾಗಿ ದುಡಿದರು. ಯಾಕೆಂದರೆ ಅದು ಮುಖ್ಯವಾಗಿ ತೈಲ ಜಾಸ್ತಿಯಾಗಿ ಇಳಿದದ್ದು. ಕೊಳ್ಳುವವರ ಕಿಸೆ ಬರಿದಾಗಿರಲಿಲ್ಲ.

2008 ಹಾಗಲ್ಲ. ಜುಲೈಯಲ್ಲಿ 147 ಡಾಲರ್ ಮುಟ್ಟಿದ ತೈಲ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಿತ್ತು. ಅಲ್ಲಿ ಬಿದ್ದದ್ದು ಬೇಡಿಕೆ. ಆಗ ನಾನೊಂದು ಕಂಪನಿಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದೆ. ಇನ್ನೂ ಏರುತ್ತದೆ ಅಂತ ಆ ಜೂನ್, ಜುಲೈಯಲ್ಲಿ ಮೂರು ತಿಂಗಳ ಮಾಲು ಒಟ್ಟಿಗೆ ಕೊಂಡು ಗೋದಾಮು ತುಂಬಿಸಿದೆ. ಜಾಣ ಅಂತ ಬೆನ್ನು ತಟ್ಟಿಸಿಕೊಂಡೆ ಕೂಡ. ದೀಪಾವಳಿ ಹೊತ್ತಿಗೆ ಅದೇ ಮಾಲು ಹೊರಗೆ ಅರ್ಧ ದರಕ್ಕೆ ಸಿಗುತ್ತಿತ್ತು, ನಮ್ಮ ಮಾಲು ಕೇಳುವವರಿರಲಿಲ್ಲ. ಇಂಧನ ಅಗ್ಗವಾಗಿದ್ದು ನಿಜ. ಆದರೆ ಒಲೆ ಹಚ್ಚಿ ಏನು ಮಾಡುವುದು, ಉಣ್ಣುವವರೇ ಇಲ್ಲ ಅಂದಮೇಲೆ?

ಬೆಳವಣಿಗೆ ನಿಧಾನವಾದರೆ ಈ ಉದ್ಯಮಕ್ಕೆ ಬೇರೆಯವರಿಗಿಂತ ಮೊದಲು ಗೊತ್ತಾಗುತ್ತದೆ, ಜಾಸ್ತಿಯೇ ಗೊತ್ತಾಗುತ್ತದೆ. ಮನೆ ಕಟ್ಟುವವರು ಸ್ವಲ್ಪ ಕಡಿಮೆಯಾದರು ಅಂದುಕೊಳ್ಳಿ. ಪೈಪಿನ ಅಂಗಡಿಯವ ಹೆದರಿ ತನ್ನ ದಾಸ್ತಾನನ್ನೂ ಇಳಿಸುತ್ತಾನೆ. ಅವನಿಗೆ ಕೊಡುವ ಡೀಲರ್ ಇನ್ನೂ ಜಾಸ್ತಿ ಇಳಿಸುತ್ತಾನೆ. ಪೈಪ್ ಕಾರ್ಖಾನೆ ರೆಸಿನ್, ಅಂದರೆ ಪೈಪ್ ಮಾಡುವ ಪ್ಲಾಸ್ಟಿಕ್ ಪುಡಿ, ಕೊಳ್ಳುವುದನ್ನೇ ಒಂದು ತಿಂಗಳು ನಿಲ್ಲಿಸುತ್ತದೆ. ಕೆಳಗೆ ಐದು ಪೈಸೆಯ ಹೆದರಿಕೆ, ಮೇಲೆ ಹೋಗುವಾಗ ಐವತ್ತು ಪೈಸೆ ಆಗಿರುತ್ತದೆ. ಅದರ ಮೇಲೆ ದರ ಇಳಿಯುತ್ತಿದೆ ಅಂತ ಗೊತ್ತಾದರೆ ಎಲ್ಲರೂ ನಾಳೆಗೆ ಕಾಯುತ್ತಾರೆ. ಅಡಿಕೆ ದರ ಇಳಿಯುವಾಗ ಖರೀದಿದಾರರು ಹೇಗೆ ಕೈಕಟ್ಟಿ ಕೂರುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಈ ಸಲ ಇನ್ನೂ ಒಂದು ತೊಡಕಿದೆ. ಅದೂ ನಿಮಗೆ ಗೊತ್ತಿರುವುದೇ. ದರ ಇದ್ದಾಗ ಎಲ್ಲರೂ ಗದ್ದೆ ಮುರಿದು ಅಡಿಕೆ ಹಾಕುತ್ತಾರೆ, ಫಸಲು ಬರುವುದು ಆರೇಳು ವರ್ಷದ ಮೇಲೆ. ಆಗ ದರ ಹೇಗಿರುತ್ತದೋ ದೇವರಿಗೇ ಗೊತ್ತು. ಅಥವಾ ವೆನಿಲ್ಲಾ ನೆನಪಿಸಿಕೊಳ್ಳಿ. 2003ರ ಸುಮಾರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬಳ್ಳಿ ಕಾಯುವುದಕ್ಕೆ ರಾತ್ರಿ ಟಾರ್ಚ್ ಹಿಡಿದು ತಿರುಗುತ್ತಿದ್ದರು. ಎರಡು ಮೂರು ವರ್ಷದಲ್ಲಿ ಕೇಳುವವರಿಲ್ಲ. ಬೇರೆ ದೇಶಗಳ ಹೊಸ ಫಸಲೂ ಬಂತು, ದುಬಾರಿ ವೆನಿಲ್ಲಾ ಬಿಟ್ಟು ಐಸ್‌ಕ್ರೀಮಿನವರು ಕೃತಕ ವೆನಿಲಿನ್ ಹಾಕುವುದನ್ನೂ ಜಾಸ್ತಿ ಮಾಡಿದರು. ಆ ಕೃತಕ ವೆನಿಲಿನ್ ಹೆಚ್ಚಾಗಿ ಆಗುವುದು ಪೆಟ್ರೋಕೆಮಿಕಲ್‌ನಿಂದಲೇ. ನಿಮ್ಮ ಬಳ್ಳಿಗೆ ಎದುರಾಳಿಯಾಗಿದ್ದದ್ದು ತೈಲ, ಮಾರಾಯ್ರೆ!

ದೊಡ್ಡ ಎಥಿಲೀನ್ ಘಟಕವೂ ಅಡಿಕೆ ಸಸಿಯ ಹಾಗೇ. ಯೋಚಿಸಿ, ದುಡ್ಡು ಹೊಂದಿಸಿ, ಕಟ್ಟಿ, ಓಡಿಸುವುದಕ್ಕೆ ನಾಲ್ಕೈದು ವರ್ಷ. ಚೀನಾ ವರ್ಷಗಟ್ಟಲೆ ವೇಗವಾಗಿ ಬೆಳೆಯುತ್ತಿದ್ದಾಗ ಹಾಕಿದ ಸಸಿಗಳೆಲ್ಲ 2020ರ ನಂತರ ಫಸಲು ಕೊಡುವುದಕ್ಕೆ ಶುರುಮಾಡಿದವು. ಅದೇ ಹೊತ್ತಿಗೆ ಅಲ್ಲಿನ ಮನೆ ಕಟ್ಟುವ ವ್ಯಾಪಾರ ಕುಸಿಯಿತು. ಎವರ್‌ಗ್ರಾಂಡೆ ಎಂಬ ದೊಡ್ಡ ಕಟ್ಟಡ ಕಂಪನಿ 2021ರಲ್ಲಿ ಸಾಲ ಕಟ್ಟಲಾರದೆ ಬಿತ್ತು. ಪಿವಿಸಿ ಪೈಪ್, ಕಿಟಕಿ ಚೌಕಟ್ಟು, ಬಣ್ಣ, ಫೋಮ್ ಎಲ್ಲವೂ ಮನೆಯ ಜೊತೆ ಹೋಗುವ ಸಾಮಾನು. ಮನೆ ಇಲ್ಲ, ಮಾಲು ಇದೆ. ಉಳಿದ ಮಾಲು ಹಡಗು ಹತ್ತಿ ಹೊರಗೆ ಬಂತು, ದರ ಎಲ್ಲ ಕಡೆ ಬಿತ್ತು. ದುಬಾರಿ ಗ್ಯಾಸಿನ ಯುರೋಪ್ ಆ ದರದಲ್ಲಿ ಹೇಗೆ ಮಾರಬೇಕು? ಹಾಗಾಗಿ ನಿಮಗೆ ಬೇರೆ ಬೇರೆ ಕಾರಣ ಹೇಳಿದ ಇಬ್ಬರೂ ಸರಿ. ಗ್ಯಾಸ್ ಯುರೋಪಿನವರ ಕಾಲು ಕಟ್ಟಿತು, ಬೇಡಿಕೆಯ ಕೊರತೆ ಕೆಡವಿತು. ಎಕ್ಸಾನ್‌ಮೊಬಿಲ್ 2024ರಲ್ಲಿ ಫ್ರಾನ್ಸಿನ ಗ್ರಾವೆನ್‌ಷಾನ್‌ನ ಎಥಿಲೀನ್ ಘಟಕ ನಿಲ್ಲಿಸಿತು. ಡೌ ಕಂಪನಿ 2025ರಲ್ಲಿ ಜರ್ಮನಿಯ ಬೋಲೆನ್‌ನ ಎಥಿಲೀನ್ ಘಟಕವನ್ನೂ ಶ್ಕೋಪೌದ ಕ್ಲೋರಿನ್ ಘಟಕವನ್ನೂ ಮುಚ್ಚುವ ತೀರ್ಮಾನ ಪ್ರಕಟಿಸಿತು. ಎರಡೂ ಕಡೆ ಗ್ಯಾಸ್ 2022ರ ಶಿಖರದಿಂದ ಎಷ್ಟೋ ಇಳಿದ ಮೇಲೆ ಆದದ್ದು.

ನಷ್ಟವಾದರೆ ತಕ್ಷಣ ಮುಚ್ಚಬಾರದಾ ಅಂತ ನೀವು ಕೇಳಬಹುದು. ಆಗುವುದಿಲ್ಲ. ಇಂಥ ಘಟಕ ವರ್ಷವಿಡೀ ಹಗಲುರಾತ್ರಿ ಓಡುತ್ತಿರಬೇಕು. ತೀರಾ ಕಡಿಮೆ ಮಟ್ಟದಲ್ಲಿ ಓಡಿಸಲೂ ಬರುವುದಿಲ್ಲ. ಅದರ ಉಪ ಉತ್ಪನ್ನ ನಂಬಿ ಪಕ್ಕದ ನಾಲ್ಕು ಘಟಕಗಳು ಕೂತಿರುತ್ತವೆ. ಮುಚ್ಚಿದರೆ ನೆಲ ಶುಚಿ ಮಾಡುವ ಖರ್ಚೂ ತಲೆ ಮೇಲೆ ಬರುತ್ತದೆ. ಹಾಗಾಗಿ ಎಲ್ಲರೂ ಪಕ್ಕದವ ಮೊದಲು ಮುಚ್ಚಲಿ ಅಂತ ಕಾಯುತ್ತಾ ನಷ್ಟದಲ್ಲೇ ಓಡಿಸುತ್ತಾರೆ. ಹಿಂಜರಿತ ಎಳೆದುಕೊಂಡು ಹೋಗುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನಗನ್ನಿಸುತ್ತದೆ.

ನಲ್ಲಿ ಮತ್ತು ಬಾವಿಯ ಮಾತು ಹೇಳಿದೆನಲ್ಲ, ಅದಕ್ಕೆ ನನ್ನ ಮನೆಯ ಕಥೆ ಹೇಳುತ್ತೇನೆ. ಕಾರವಾರಕ್ಕೆ ಹೋಗುವಾಗ ಬಿಣಗಾದಲ್ಲಿ ಹೆದ್ದಾರಿ ಪಕ್ಕ ಕಾಸ್ಟಿಕ್ ಸೋಡಾ ಕಾರ್ಖಾನೆ ನೋಡಿರುತ್ತೀರಿ. ಅಂಥ ಕಾರ್ಖಾನೆಯಲ್ಲಿ ನಡೆಯುವುದು ಇಷ್ಟೇ: ಉಪ್ಪುನೀರಿಗೆ ಕರೆಂಟ್ ಹಾಯಿಸುತ್ತಾರೆ. ಒಂದು ಕಡೆ ಕಾಸ್ಟಿಕ್, ಇನ್ನೊಂದು ಕಡೆ ಕ್ಲೋರಿನ್, ಜೊತೆಗೆ ಒಂದಿಷ್ಟು ಹೈಡ್ರೋಜನ್. ಒಂದು ಟನ್ ಕಾಸ್ಟಿಕ್ಕಿಗೆ ಸುಮಾರು 2,400 ಯೂನಿಟ್ ಕರೆಂಟ್ ಬೇಕು. ಯೂನಿಟ್ಟಿಗೆ ಒಂದು ರೂಪಾಯಿ ಏರಿದರೆ ಟನ್ನಿಗೆ 2,400 ರೂಪಾಯಿ ಹೋಯಿತು. ಇಲ್ಲಿ ಕರೆಂಟೇ ಕಚ್ಚಾ ಮಾಲು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟು, ಶರಾವತಿಗೆ ಗೇರುಸೊಪ್ಪೆ. ಇಷ್ಟೆಲ್ಲ ಕೊಟ್ಟ ಜಿಲ್ಲೆ ನಮ್ಮದು. ಹಾಗಂತ ಪಕ್ಕದ ಕಾರ್ಖಾನೆಗೆ ಕರೆಂಟ್ ಅಗ್ಗ ಏನೂ ಇಲ್ಲ. ನಮ್ಮ ಮನೆಗಾದರೂ ಇದೆಯಾ, ಹೇಳಿ.

ಕಾಸ್ಟಿಕ್ ಮತ್ತು ಕ್ಲೋರಿನ್ ಅವಳಿ ಮಕ್ಕಳು. ಒಂದನ್ನು ಬಿಟ್ಟು ಒಂದನ್ನು ಹೆರಲು ಬರುವುದಿಲ್ಲ. ಒಂದು ಟನ್ ಕಾಸ್ಟಿಕ್ ಆದರೆ ಸುಮಾರು 0.9 ಟನ್ ಕ್ಲೋರಿನ್ ಆಗಿಯೇ ಆಗುತ್ತದೆ. ಕಾಸ್ಟಿಕ್ ಅನ್ನು ಟ್ಯಾಂಕಿನಲ್ಲಿ ಇಡಬಹುದು. ಅದು ಕಾಗದಕ್ಕೆ, ಸಾಬೂನಿಗೆ, ಬಟ್ಟೆಗೆ, ಅಲ್ಯೂಮಿನಿಯಂಗೆ ಬೇಕು. ದಾಂಡೇಲಿಯಂಥ ಕಾಗದದ ಊರಿಗೆ ಅದು ದಿನಬಳಕೆಯ ಸಾಮಾನು. ಕ್ಲೋರಿನ್ ವಿಷದ ಗಾಳಿ, ಬಹಳ ದಿನ ಇಟ್ಟುಕೊಳ್ಳುವ ಹಾಗಿಲ್ಲ, ದೂರ ಕಳಿಸುವುದೂ ಕಷ್ಟ. ಜಗತ್ತಿನಲ್ಲಿ ಕ್ಲೋರಿನ್ನಿನ ದೊಡ್ಡ ಗಿರಾಕಿ ಪಿವಿಸಿ. ಪಿವಿಸಿಯ ತೂಕದಲ್ಲಿ ಸುಮಾರು 57% ಕ್ಲೋರಿನ್ನೇ.

ಈಗ ಮನೆ ಕಟ್ಟುವುದು ಕಡಿಮೆಯಾಯಿತು. ಪಿವಿಸಿ ಬೇಡ. ಕ್ಲೋರಿನ್ ಹೋಗುವುದಿಲ್ಲ. ಕ್ಲೋರಿನ್ ಹೋಗದಿದ್ದರೆ ಘಟಕದ ವೇಗ ಇಳಿಸಲೇಬೇಕು. ಆಗ ಕಾಸ್ಟಿಕ್ಕೂ ಕಡಿಮೆ. ಕಾಗದದವನಿಗೆ ಕಾಸ್ಟಿಕ್ ದುಬಾರಿ. ಅಂದರೆ ಜಗತ್ತಿನಲ್ಲಿ ಹಿಂಜರಿತ ಬಂದಾಗಲೇ ಒಂದು ಮಾಲು ಏರಬಹುದು! ನಮ್ಮ ದೇಶದಲ್ಲಂತೂ ಕ್ಲೋರಿನ್ ಯಾರಿಗೂ ಬೇಡವಾಗಿ, ಕಾರ್ಖಾನೆಯವರೇ ಕೈಯಿಂದ ದುಡ್ಡು ಕೊಟ್ಟು ತೆಗೆದುಕೊಂಡು ಹೋಗಿ ಅನ್ನುವ ದಿನಗಳೂ ಬರುತ್ತವೆ. ಹೊಸದಾಗಿ ಸೇರಿದ ಹುಡುಗರಿಗೆ ಕ್ಲೋರಿನ್ ದರದ ಮುಂದೆ ಮೈನಸ್ ಗುರುತು ನೋಡಿ ಅಚ್ಚಿನ ತಪ್ಪು ಅನ್ನಿಸುತ್ತದೆ. ತಪ್ಪಲ್ಲ.

ನಿಮ್ಮ ತೋಟಕ್ಕೆ ಬರೋಣ.

ಪೈಪು ಮೊದಲು. ನಮ್ಮ ದೇಶಕ್ಕೆ ಬೇಕಾದ ಪಿವಿಸಿ ರೆಸಿನ್ನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಬೇರೆಯವರು ಎಥಿಲೀನಿನಿಂದ ಮಾಡಿದರೆ ಚೀನಾ ಬಹುಪಾಲು ಪಿವಿಸಿಯನ್ನು ಕಲ್ಲಿದ್ದಲಿನಿಂದ, ಅಂದರೆ ಕಲ್ಲಿದ್ದಲು ಮತ್ತು ಸುಣ್ಣದಿಂದ ಆಗುವ ಕಾರ್ಬೈಡಿನ ದಾರಿಯಲ್ಲಿ ಮಾಡುತ್ತದೆ. ಹಾಗಾಗಿ ನಿಮ್ಮ ಪೈಪಿನ ದರಕ್ಕೆ ತೈಲಕ್ಕಿಂತ ಚೀನಾದ ಕಲ್ಲಿದ್ದಲು, ಕರೆಂಟ್ ಮತ್ತು ಮನೆ ಕಟ್ಟುವ ಕೆಲಸ ಹತ್ತಿರದ ನೆಂಟರು. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಚಳಿಗೆ ಕರೆಂಟ್ ಹೋಗಿ ಕಾರ್ಖಾನೆಗಳು ನಿಂತವು, ಆ ಅಕ್ಟೋಬರಿನ ಸುಮಾರಿಗೆ ಚೀನಾದಲ್ಲಿ ಕರೆಂಟ್ ಕಡಿತವಾಗಿ ಕಾರ್ಬೈಡ್ ಸಿಗದಾಯಿತು. ರೆಸಿನ್ ಆಕಾಶಕ್ಕೆ ಹೋಯಿತು. ಒಂದೇ ವರ್ಷದಲ್ಲಿ, ಚೀನಾದ ಮನೆಗಳು ನಿಂತ ಮೇಲೆ, ಅರ್ಧಕ್ಕಿಂತ ಕೆಳಗೆ ಬಂತು. ತೈಲ ನೋಡಿ ಪೈಪಿನ ದರ ಊಹಿಸಿದವರು ಸೋತರು. ಡಾಲರಿನ ಎದುರು ರೂಪಾಯಿ ಇಳಿದಷ್ಟು ಇಳಿಕೆಯ ಲಾಭ ನಮಗೆ ಕಡಿಮೆ ಮುಟ್ಟಿತು ಅನ್ನುವುದೂ ಇದೆ.

ಯೂರಿಯಾದ ದರ ನಿಮಗೆ ಗೊತ್ತಾಗುವುದಿಲ್ಲ, ಸರಕಾರಕ್ಕೆ ಗೊತ್ತಾಗುತ್ತದೆ. 45 ಕಿಲೋ ಚೀಲ 266 ರೂಪಾಯಿ 50 ಪೈಸೆಯಲ್ಲೇ ನಿಂತಿದೆ. ಉಳಿದದ್ದು ಸಬ್ಸಿಡಿ. 2022-23ರಲ್ಲಿ ದೇಶದ ಗೊಬ್ಬರ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿಗೆ ಹೋಯಿತು. ನಿಮ್ಮ ಪಾಲಿಗೆ ಅದು ದರವಾಗಿ ಬರುವುದಿಲ್ಲ, ಸೊಸೈಟಿಯಲ್ಲಿ "ಸ್ಟಾಕ್ ಇಲ್ಲ" ಎಂಬ ಮಾತಾಗಿ ಬರುತ್ತದೆ. ಪಣಂಬೂರಿನ ಗೊಬ್ಬರ ಕಾರ್ಖಾನೆ ದಶಕಗಟ್ಟಲೆ ದುಬಾರಿ ನಾಫ್ತಾದಲ್ಲಿ ಓಡುತ್ತಿತ್ತು. ಸುಮಾರು 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಬಂದ ಮೇಲೆ ಗ್ಯಾಸಿಗೆ ತಿರುಗಿತು. ಒಳ್ಳೆಯದೇ, ಆದರೆ ಆ ಗ್ಯಾಸೂ ಹಡಗಿನಲ್ಲೇ ಕೊಚ್ಚಿಗೆ ಬರುವುದು.

ಮೈಲುತುತ್ತದ ಲೆಕ್ಕ ಬೇರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಎಂದರೆ ತಾಮ್ರ ಮತ್ತು ಗಂಧಕದ ಆಸಿಡ್. ಜಗತ್ತಿನ ಗಂಧಕದ ಬಹುಪಾಲು ತೈಲ, ಗ್ಯಾಸ್ ಶುದ್ಧ ಮಾಡುವಾಗ ಸಿಗುವುದೇ. ಆದರೆ ದರ ನಡೆಸುವುದು ತಾಮ್ರ. ಮನೆ ಕಟ್ಟುವುದು ನಿಧಾನವಾದರೂ ಕರೆಂಟ್ ತಂತಿ, ಬ್ಯಾಟರಿ ಕಾರು, ಸೋಲಾರ್ ಎಲ್ಲದಕ್ಕೂ ತಾಮ್ರ ಬೇಕು. 2024ರ ಮೇಯಲ್ಲಿ ಅದು ಟನ್ನಿಗೆ 11,000 ಡಾಲರ್ ದಾಟಿ ಬಂತು. ಹಾಗಾಗಿ ಕೆಮಿಕಲ್ ಉದ್ಯಮಕ್ಕೆ ಹಿಂಜರಿತ ಇದೆ, ಮೈಲುತುತ್ತ ಅಗ್ಗವಾಗುತ್ತದೆ ಅಂತ ಕಾಯಬೇಡಿ. ಕೊಳೆ ನಿಮಗಾಗಿ ಕಾಯುವುದಿಲ್ಲ. ಕಳೆನಾಶಕದ ಕಥೆ ಉಲ್ಟಾ. ಗ್ಲೈಫೋಸೇಟ್ 2021ರ ಕೊನೆಯಲ್ಲಿ ಚೀನಾದಲ್ಲಿ ಇದ್ದ ದರದ ಅರ್ಧಕ್ಕೂ 2023ರಲ್ಲಿ ನಿಲ್ಲಲಿಲ್ಲ, ಹೆದರಿ ತುಂಬಿಟ್ಟುಕೊಂಡ ದಾಸ್ತಾನು ಎಲ್ಲ ಕಡೆ ಉಳಿದಿತ್ತು. ನಮ್ಮ ದೇಶದ ಕಳೆ, ಕೀಟದ ಔಷಧಿ ಕಂಪನಿಗಳೂ ಆಗ ಸರಿಯಾಗಿ ಪೆಟ್ಟು ತಿಂದವು.

ಮಗನ ವಿಷಯ. ಯುರೋಪ್ ಮುಚ್ಚಿದ್ದೆಲ್ಲ ನಮಗೆ ಬರುತ್ತದೆ ಅನ್ನುವವರ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ನಮ್ಮಲ್ಲಿ ಬೇಡಿಕೆ ಬೆಳೆಯುತ್ತಿದೆ, ಅದು ದೊಡ್ಡ ಬಲ. ಆದರೆ ಕಚ್ಚಾ ತೈಲದಲ್ಲಿ 85%ಕ್ಕಿಂತ ಜಾಸ್ತಿ, ಗ್ಯಾಸಿನಲ್ಲಿ ಸುಮಾರು ಅರ್ಧ ನಾವೂ ಹೊರಗಿನಿಂದಲೇ ತರುತ್ತೇವೆ. ಅಗ್ಗದ ಇಂಧನದ ದೇಶ ನಮ್ಮದಲ್ಲ. ಯುರೋಪ್ ಬಿಟ್ಟ ಜಾಗಕ್ಕೆ ನಾವು ಹೋಗುವ ಮೊದಲು ಚೀನಾದ ಉಳಿದ ಮಾಲು ನಮ್ಮ ಬಂದರಿಗೇ ಬಂದಿರುತ್ತದೆ. ಹಾಗಂತ ಹುಡುಗ ಹೆದರಬೇಕಾಗಿಲ್ಲ. ನಾನು ನೋಡಿದ ಮೂರು ಹಿಂಜರಿತಗಳಲ್ಲೂ ಮೊದಲು ಕೆಲಸ ಹೋದದ್ದು ಒಂದೇ ಮಾಲು ಮಾಡುವ ಕಡೆ, ಕೊನೆಗೆ ಉಳಿದದ್ದು ಸ್ಟೀಮ್, ಕರೆಂಟ್, ನೀರು ಉಳಿಸಲು ಗೊತ್ತಿದ್ದವರು ಮತ್ತು ಸುರಕ್ಷತೆ ನೋಡಿಕೊಳ್ಳುವವರು. ಕಾಲೇಜಿನಲ್ಲಿ ಹುಡುಗರು ಬಾಯ್ಲರ್ ಪಾಠ ಅಂದರೆ ಮೂಗು ಮುರಿಯುತ್ತಾರೆ. ಇವನು ಮುರಿಯದಿರಲಿ. ಇಂಟರ್ವ್ಯೂಗೆ ಹೋದರೆ ಸಂಬಳದ ಜೊತೆ ಮೂರು ಪ್ರಶ್ನೆ ಕೇಳಲಿ: ನಿಮ್ಮ ಕಚ್ಚಾ ಮಾಲು ಯಾವುದು, ಕರೆಂಟ್ ಎಲ್ಲಿಂದ, ಮಾಲು ಕೊಳ್ಳುವವರು ಯಾರು? ಉತ್ತರ ಕೇಳಿದರೆ ಆ ಕಂಪನಿ ಮುಂದಿನ ಹಿಂಜರಿತ ತಾಳುತ್ತದೋ ಇಲ್ಲವೋ ಅರ್ಧ ಗೊತ್ತಾಗುತ್ತದೆ. ಕೇಳಿದ್ದಕ್ಕೆ ಸಿಟ್ಟಾದರೆ ಇನ್ನರ್ಧವೂ ಗೊತ್ತಾಯಿತು.

ಪೈಪ್ ಹಾಕಿಸುವ ಯೋಚನೆ ಇದ್ದರೆ ಬೇಸಿಗೆಯಲ್ಲಿ ಎಲ್ಲರ ಜೊತೆ ಅಂಗಡಿಗೆ ಹೋಗಬೇಡಿ. ಫೆಬ್ರವರಿಯಿಂದ ಮೇವರೆಗೆ ತೋಟದವರದ್ದೂ ಬೋರ್‌ವೆಲ್‌ನವರದ್ದೂ ಒಟ್ಟಿಗೇ ಗಿರಾಕಿ. ಶ್ರಾವಣದ ಮಳೆಯಲ್ಲಿ ವಿಚಾರಿಸಿದರೆ ಅಂಗಡಿಯವರೂ ಸಾವಕಾಶ ಮಾತಾಡುತ್ತಾರೆ, ದರವೂ ಸ್ವಲ್ಪ ಬಗ್ಗುತ್ತದೆ. ತಂದು ಕೊಟ್ಟಿಗೆಯ ಅಟ್ಟದ ಮೇಲೆ ನೆರಳಲ್ಲಿ ಇಡಿ. ಬಿಸಿಲಿಗೆ ಬಿದ್ದ ಪಿವಿಸಿ ಪೈಪ್ ಬಿಳಿಚಿಕೊಂಡು ಪೆಡಸಾಗುತ್ತದೆ. ದೀಪಾವಳಿ ಕಳೆದು ಮಣ್ಣು ಆರಿದ ಮೇಲೆ ಕಾಲುವೆ ತೋಡಿಸಿ ಹೂಳಿ.